ಹಡಗು ನಡೆಸೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಸವನಗುಡಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಹುಟ್ಟೂರು ಹೊನ್ನಾವರದ ಹತ್ತಿರ, ಶರಾವತಿ ಅಳಿವೆಯ ಪಕ್ಕ. ನನ್ನ ಅಜ್ಜ ಮಚವೆ ಅನ್ನುವ ದೋಣಿಯಲ್ಲಿ ದುಡಿದವರು, ಹಾಗಾಗಿ ದೋಣಿಯ ಮಾತು ಕೇಳುತ್ತಲೇ ಬೆಳೆದೆ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಆದರೂ ಹಡಗಿನ ಇಂಗ್ಲಿಷ್ ಕೇಳಿಕೊಂಡು ಬರುವವರು ಇಲ್ಲಿ ಕಡಿಮೆಯಿಲ್ಲ. ಮರ್ಚೆಂಟ್ ನೇವಿಗೆ ಸೇರಬೇಕೆಂದಿರುವ ಹುಡುಗ ಹುಡುಗಿಯರು, ಅನುವಾದ ಮಾಡುವವರು, ಕಥೆ ಬರೆಯುವವರು, ಒಮ್ಮೊಮ್ಮೆ ಸಾಫ್ಟ್‌ವೇರಿನವರೂ ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

‘ಹಡಗು ನಡೆಸು’ ಅನ್ನೋದಕ್ಕೆ ಸರಿಯಾದ ಒಂದು ಇಂಗ್ಲಿಷ್ ಪದ ಹೇಳಿ, ಸಾಕು.

ಒಂದೇ ಪದ ಸಿಗೋದಿಲ್ಲ. ನಾವು ಕನ್ನಡದಲ್ಲಿ ‘ನಡೆಸು’ ಅಂತ ಒಂದೇ ಮಾತಿನಲ್ಲಿ ಮುಗಿಸುವ ಕೆಲಸವನ್ನು ಇಂಗ್ಲಿಷ್ ನಾಲ್ಕೈದು ಜನರಿಗೆ ಹಂಚಿಬಿಡುತ್ತದೆ. ಯಾರು ಏನು ಮಾಡುತ್ತಿದ್ದಾರೆ ಅಂತ ಮೊದಲು ನೋಡಿಕೊಳ್ಳಿ. ಪದ ಆಮೇಲೆ ತಾನಾಗಿ ಬರುತ್ತದೆ.

ಬೆಳಗಿನ ಜಾವ ನಾಲ್ಕೂವರೆ ಅಂದುಕೊಳ್ಳಿ. ಸರಕು ಹಡಗೊಂದು ಬಂದರಿನ ಕಡೆ ಬರುತ್ತಿದೆ. ಮೇಲೆ ಬ್ರಿಜ್ ಅನ್ನುವ ಕೋಣೆಯಲ್ಲಿ ಕತ್ತಲೆ, ಪರದೆಗಳ ಮಂದ ಬೆಳಕು ಮಾತ್ರ. ಒಬ್ಬ ಚಕ್ರ ಹಿಡಿದು ನಿಂತಿದ್ದಾನೆ: ಅವನು ಸ್ಟಿಯರ್ ಮಾಡುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಅಧಿಕಾರಿ ನಕಾಶೆ, ರೇಡಾರ್ ನೋಡಿ ಹಡಗು ಎಲ್ಲಿದೆ, ಎತ್ತ ಹೋಗಬೇಕು ಅಂತ ಲೆಕ್ಕ ಹಾಕುತ್ತಿದ್ದಾನೆ: ಅವನದು ನ್ಯಾವಿಗೇಟ್. ‘ಎಡಕ್ಕೆ ಹತ್ತು ಡಿಗ್ರಿ’ ಅಂತ ಆಜ್ಞೆ ಕೊಡುವವನ ಕೈಯಲ್ಲಿ ಕಾನ್ ಇದೆ. ಬಂದರಿನಿಂದ ಬಂದು ದಾರಿ ಹೇಳುವವನು ಪೈಲಟ್. ಇಡೀ ಹಡಗಿಗೆ ಹೊಣೆ ಹೊತ್ತವನು ಮಾಸ್ಟರ್, ಅವನು ಇನ್ ಕಮಾಂಡ್. ಇನ್ನು ಹಡಗು? ಅದು ಸೇಲ್ ಮಾಡುತ್ತಿದೆ.

ಐದು ಜನ, ಒಂದು ಹಡಗು, ಆರು ಮಾತು. ಎಲ್ಲವೂ ಕನ್ನಡದಲ್ಲಿ ‘ಹಡಗು ನಡೆಸೋದು’.

‘ಡ್ರೈವ್ ಎ ಶಿಪ್’ ಅಂದರೆ ತಪ್ಪಾ?

ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಕಿವಿಗೆ ಒಗ್ಗೋದಿಲ್ಲ. ಬಸ್ಸು, ಆಟೋ, ರೈಲು ಎಲ್ಲವನ್ನೂ ನಾವು ‘ಓಡಿಸು’ ಅನ್ನುತ್ತೇವೆ, ಅದಕ್ಕೇ ಹಡಗಿಗೂ ಡ್ರೈವ್ ಬಂದುಬಿಡುತ್ತದೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಸಂದರ್ಶನದಲ್ಲಿ ‘ಐ ವಾಂಟ್ ಟು ಡ್ರೈವ್ ಬಿಗ್ ಶಿಪ್ಸ್’ ಅಂದ. ಎದುರಿಗಿದ್ದವರು ಅವನನ್ನು ಮುಂದೆ ಮಾತಾಡಲು ಬಿಡದೆ ಆ ಒಂದು ಪದ ಹಿಡಿದು ಆಡಿಕೊಂಡರಂತೆ. ಹಡಗನ್ನೇ ಕಾಣದ ಊರಿಂದ ಬಂದ ಹುಡುಗ. ನನಗೆ ಇವತ್ತಿಗೂ ಬೇಜಾರಾಗುತ್ತದೆ. ‘ಐ ವಾಂಟ್ ಟು ಬಿ ಎ ಡೆಕ್ ಆಫೀಸರ್’ ಅಂತ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಸಾಕಿತ್ತು.

ಚಿಕ್ಕ ಮೋಟಾರು ದೋಣಿಗೆ ಮಾತ್ರ ಡ್ರೈವ್ ನಡೆಯುತ್ತದೆ. ‘ಹಿ ಡ್ರೋವ್ ದ ಸ್ಪೀಡ್‌ಬೋಟ್’ ಅಂದರೆ ಯಾರೂ ಹುಬ್ಬೇರಿಸೋದಿಲ್ಲ. ಅಮೆರಿಕದ ನೌಕಾಪಡೆಯ ಅಧಿಕಾರಿಗಳು ತಮ್ಮತಮ್ಮಲ್ಲಿ ‘ಶಿಪ್ ಡ್ರೈವರ್’ ಅಂದುಕೊಳ್ಳುವುದೂ ಉಂಟು. ಅದು ಅವರ ಒಳಮಾತು, ಹೊರಗಿನವರು ಎರವಲು ತೆಗೆದುಕೊಂಡರೆ ಹೊಂದೋದಿಲ್ಲ.

ನ್ಯಾವಿಗೇಟ್, ಸ್ಟಿಯರ್: ಇವೆರಡಕ್ಕೆ ಏನು ವ್ಯತ್ಯಾಸ?

ಸ್ಟಿಯರ್ ಕೈಯ ಕೆಲಸ, ನ್ಯಾವಿಗೇಟ್ ತಲೆಯ ಕೆಲಸ. ಬೆಂಗಳೂರಿನದೇ ಉದಾಹರಣೆ ತಗೊಳ್ಳಿ. ಸಿಲ್ಕ್ ಬೋರ್ಡ್ ಹತ್ತಿರ ಗಂಡ ಕಾರು ಓಡಿಸುತ್ತಿದ್ದಾನೆ, ಹೆಂಡತಿ ಪಕ್ಕದಲ್ಲಿ ಫೋನಿನ ಮ್ಯಾಪ್ ನೋಡಿ ‘ಇಲ್ಲಿ ಎಡಕ್ಕೆ, ಮುಂದೆ ಯೂ ಟರ್ನ್’ ಅನ್ನುತ್ತಿದ್ದಾಳೆ. ಸ್ಟಿಯರಿಂಗ್ ಗಂಡನ ಕೈಲಿ. ನ್ಯಾವಿಗೇಟ್ ಮಾಡುತ್ತಿರೋದು ಹೆಂಡತಿ.

ಪದದ ಹುಟ್ಟು ನೋಡಿದರೆ ನ್ಯಾವಿಗೇಟ್ ಅನ್ನೋದು ಲ್ಯಾಟಿನ್ನಿನ ‘ನಾವಿಸ್’, ಅಂದರೆ ಹಡಗು, ಮತ್ತು ನಡೆಸು ಅನ್ನುವ ಅರ್ಥದ ‘ಆಗೆರೆ’ ಸೇರಿ ಆದದ್ದು. ನಮ್ಮ ‘ನಾವೆ’, ‘ನಾವಿಕ’ ಕೂಡ ಅದೇ ನಾವಿಸ್‌ನ ದೂರದ ನೆಂಟರು. ಹಾಗಾಗಿ ಹುಟ್ಟಿನಲ್ಲಿ ಅದರ ಅರ್ಥ ‘ಹಡಗು ನಡೆಸು’ ಅಂತಲೇ. ಆದರೆ ಈಗಿನ ಬಳಕೆಯಲ್ಲಿ ಅದು ದಾರಿ ಕಂಡುಕೊಳ್ಳುವ ವಿದ್ಯೆ. ಸಾಮಾನ್ಯವಾಗಿ ಹಡಗಿನಲ್ಲಿ ಈ ಕೆಲಸದ ಮುಖ್ಯ ಹೊಣೆ ಸೆಕೆಂಡ್ ಆಫೀಸರದು. ಒಂದು ಬಂದರಿನ ಕಟ್ಟೆಯಿಂದ ಇನ್ನೊಂದು ಬಂದರಿನ ಕಟ್ಟೆಯವರೆಗೆ ದಾರಿ ಹಾಕಿಡುವುದಕ್ಕೆ ಪ್ಯಾಸೇಜ್ ಪ್ಲಾನ್ ಅನ್ನುತ್ತಾರೆ.

ಕಥೆಯಲ್ಲಿ ಬರೆಯುವಾಗ: ಇಕ್ಕಟ್ಟಾದ ಜಾಗ, ಬಂಡೆ, ಮಂಜು ಇದ್ದರೆ ನ್ಯಾವಿಗೇಟ್ ಚೆನ್ನಾಗಿ ಕೂರುತ್ತದೆ. ‘ದೆ ನ್ಯಾವಿಗೇಟೆಡ್ ದ ನ್ಯಾರೋ ಚಾನೆಲ್.’ ಚಕ್ರ ತಿರುಗಿಸಿ ಬಂಡೆ ತಪ್ಪಿಸಿದರೆ ‘ಹಿ ಸ್ಟಿಯರ್ಡ್ ಕ್ಲಿಯರ್ ಆಫ್ ದ ರಾಕ್ಸ್’.

ಈಗ ಹಾಯಿಯೇ ಇಲ್ಲವಲ್ಲ, ಎಂಜಿನ್ ಹಡಗಿಗೂ ಸೇಲ್ ಅನ್ನಬಹುದಾ?

ಧಾರಾಳವಾಗಿ. ಹಾಯಿ ಹೋಯಿತು, ಪದ ಉಳಿಯಿತು. ಮಾರಾಟದ ‘ಸೇಲ್’ಗೂ ಇದಕ್ಕೂ ಉಚ್ಚಾರ ಒಂದೇ, ಬರೆಯುವಾಗ ಮಾತ್ರ ಬೇರೆ. ‘ದ ಶಿಪ್ ಸೇಲ್ಡ್ ಫ್ರಮ್ ಮಂಗಳೂರು ಆನ್ ಮಂಡೇ’ ಅಂದರೆ ಹಡಗು ಸೋಮವಾರ ಹೊರಟಿತು, ಅಷ್ಟೇ. ನಾವೂ ‘ಹಾಯಿದೋಣಿ’ ಅಂತ ಬೇರೆ ಹೆಸರಿಟ್ಟ ಹಾಗೆ, ನಿಜವಾದ ಹಾಯಿಯ ಮಾತು ಬಂದಾಗ ಅವರು ‘ಅಂಡರ್ ಸೇಲ್’ ಅನ್ನುತ್ತಾರೆ.

ನಮ್ಮ ದೇಶದ ನಾವಿಕರ ಬಾಯಲ್ಲಿ ಇದಕ್ಕೆ ಇನ್ನೊಂದು ಬಳಕೆಯಿದೆ. ‘ಹಿ ಈಸ್ ಸೇಲಿಂಗ್’ ಅಂದರೆ ಸದ್ಯ ಅವನು ಮನೆಯಲ್ಲಿಲ್ಲ, ಹಡಗಿನ ಮೇಲಿದ್ದಾನೆ ಅಂತ. ‘ಸೇಲಿಂಗ್ ಆಸ್ ಥರ್ಡ್ ಆಫೀಸರ್’ ಅಂದರೆ ಆ ಹುದ್ದೆಯಲ್ಲಿ ದುಡಿಯುತ್ತಿದ್ದಾನೆ. ಹಡಗು ಹತ್ತಿ ಕೆಲಸ ಶುರು ಮಾಡೋದು ‘ಸೈನ್ ಆನ್’, ಒಪ್ಪಂದ ಮುಗಿಸಿ ಇಳಿಯೋದು ‘ಸೈನ್ ಆಫ್’. ಮಗ ಹಡಗಿನಲ್ಲಿರುವ ಮನೆಗಳಲ್ಲಿ ಅಮ್ಮಂದಿರೂ ಈ ಮಾತು ಆಡುತ್ತಾರೆ: ‘ಮುಂದಿನ ತಿಂಗಳು ಸೈನ್ ಆಫ್ ಆಗ್ತಾನೆ.’

ಪೈಲಟ್ ಅಂದರೆ ವಿಮಾನದವರಲ್ವಾ?

ವಿಮಾನಕ್ಕಿಂತ ನೂರಾರು ವರ್ಷ ಮೊದಲೇ ಈ ಪದ ಹಡಗಿನದಾಗಿತ್ತು. ಆ ಬಂದರಿನ ನೀರು ಚೆನ್ನಾಗಿ ಬಲ್ಲವರು ಪೈಲಟ್: ಎಲ್ಲಿ ಆಳ, ಎಲ್ಲಿ ಮರಳು ದಿಬ್ಬ, ಭರತ ಇಳಿತದ ಸೆಳೆತ ಎತ್ತ. ಹಡಗು ಬಂದರಿಗೆ ಹತ್ತಿರವಾದಾಗ ಅವರು ಚಿಕ್ಕ ದೋಣಿಯಲ್ಲಿ ಎದುರು ಬರುತ್ತಾರೆ. ಹಡಗಿನ ಪಕ್ಕಕ್ಕೆ ಹಗ್ಗದ ಏಣಿ ಇಳಿಬಿಟ್ಟಿರುತ್ತದೆ, ಹಗ್ಗಗಳ ನಡುವೆ ಮರದ ಮೆಟ್ಟಿಲು. ಕೆಳಗೆ ದೋಣಿ ಏಳುತ್ತ ಬೀಳುತ್ತ ಇರುತ್ತದೆ. ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆಯಲ್ಲೇ ಏಣಿಗೆ ಕಾಲಿಡಬೇಕು. ಇದನ್ನು ಇಂಗ್ಲಿಷಿನಲ್ಲಿ ‘ದ ಪೈಲಟ್ ಬೋರ್ಡೆಡ್’ ಅಂತ ಮೂರು ಪದದಲ್ಲಿ ಹೇಳಿಬಿಡುತ್ತಾರೆ.

ಅನುವಾದ ಮಾಡುವವರು ಇಲ್ಲಿ ಎಚ್ಚರವಾಗಿರಬೇಕು. ಪೈಲಟ್ ಬಂದಮಾತ್ರಕ್ಕೆ ಮಾಸ್ಟರ್ ಪಕ್ಕಕ್ಕೆ ಸರಿಯೋದಿಲ್ಲ. ದಾರಿ ಪೈಲಟ್ ಹೇಳಿದರೂ ಹೊಣೆ ಮಾಸ್ಟರದೇ. ಪನಾಮಾ ಕಾಲುವೆ ಮಾತ್ರ ಬೇರೆ. ಅಲ್ಲಿ ಹಡಗಿನ ಚಲನೆಯ ಹಿಡಿತವೇ ಪೈಲಟ್‌ಗೆ ಹೋಗುತ್ತದೆ. ಆದ್ದರಿಂದ ‘ಪೈಲಟ್ ಹಡಗನ್ನು ವಹಿಸಿಕೊಂಡ’ ಅಂತ ಸುಮ್ನೆ ಬರೆಯಬೇಡಿ.

ಚುಕ್ಕಾಣಿಗೆ ಇಂಗ್ಲಿಷಿನಲ್ಲಿ ಹೆಲ್ಮ್ ಅನ್ನಬೇಕಾ, ರಡರ್ ಅನ್ನಬೇಕಾ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ನಮ್ಮ ‘ಚುಕ್ಕಾಣಿ’ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಹಿಡಿದುಕೊಂಡಿದೆ. ಇಂಗ್ಲಿಷಿನಲ್ಲಿ ನೀರಿನೊಳಗೆ ಹಲಗೆಯಂತೆ ತಿರುಗುವುದು ರಡರ್. ಚಿಕ್ಕ ದೋಣಿಯಲ್ಲಿ ಆ ರಡರಿಗೆ ಸಿಕ್ಕಿಸಿದ ಉದ್ದನೆಯ ಹಿಡಿಕೆ ಟಿಲ್ಲರ್. ದೊಡ್ಡ ಹಡಗಿನಲ್ಲಿ ಕೈಗೆ ಸಿಗುವುದು ವೀಲ್. ಟಿಲ್ಲರ್ ಇರಲಿ, ವೀಲ್ ಇರಲಿ, ತಿರುಗಿಸುವ ಆ ಜಾಗಕ್ಕೂ ಸಾಧನಕ್ಕೂ ಸೇರಿ ಹೆಲ್ಮ್. ‘ಚುಕ್ಕಾಣಿ ಮುರಿಯಿತು’ ಅಂದರೆ ಬಹುಪಾಲು ರಡರ್. ‘ಚುಕ್ಕಾಣಿ ಹಿಡಿದ’ ಅಂದರೆ ಹೆಲ್ಮ್. ಪತ್ರಿಕೆಯವರ ‘ಅಧಿಕಾರದ ಚುಕ್ಕಾಣಿ’ಗೆ ‘ಆ್ಯಟ್ ದ ಹೆಲ್ಮ್’ ಸರಿಯಾಗಿ ಹೊಂದುತ್ತದೆ.

ಚುಕ್ಕಾಣಿಯ ಮೂಲ ಅರಬ್ಬಿಯ ‘ಸುಕ್ಕಾನ್’. ಅದೇ ಪದ ಪರ್ಷಿಯನ್ ದಾರಿಯಲ್ಲಿ ಹೋಗಿ ‘ಸುಕ್ಕಾನಿ’ ಆಗಿ, ಹಳೆಯ ಇಂಗ್ಲಿಷ್ ಹಡಗುಗಳಲ್ಲಿ ಚಕ್ರ ಹಿಡಿಯುವವನಿಗೆ ‘ಸೀಕನ್ನಿ’ ಅನ್ನುವ ಹೆಸರಾಯಿತು. ನಮ್ಮ ಕರಾವಳಿಯ ‘ತಂಡೇಲ’, ಅಂದರೆ ದೋಣಿಯವರ ಮುಖಂಡ, ಅವನಿಗೂ ಅವರು ‘ಟಿಂಡಲ್’ ಅಂತ ಜಾಗ ಕೊಟ್ಟಿದ್ದರು. ಲಂಗರು ಕೂಡ ಪರ್ಷಿಯನ್ನಿನಿಂದ ಬಂದದ್ದು. ಹಡಗಿನ ಮಾತು ಯಾವ ಊರಿನಲ್ಲೂ ಬರೀ ಆ ಊರಿನದಾಗಿ ಇರೋದಿಲ್ಲ.

ಎಡ ಬಲ ಅನ್ನದೆ ಪೋರ್ಟ್, ಸ್ಟಾರ್‌ಬೋರ್ಡ್ ಅಂತ ಯಾಕೆ?

ನೀವು ಹಿಂದೆ ತಿರುಗಿ ನಿಂತರೆ ನಿಮ್ಮ ಎಡ ಬಲ ಅದಲುಬದಲಾಗುತ್ತದೆ. ಹಡಗಿನದು ಆಗಬಾರದು. ಹಡಗಿನ ಮೂತಿಯ ಕಡೆ ಮುಖ ಮಾಡಿದಾಗ ಎಡಕ್ಕಿರುವುದು ಪೋರ್ಟ್, ಬಲಕ್ಕಿರುವುದು ಸ್ಟಾರ್‌ಬೋರ್ಡ್. ನೀವು ಎತ್ತ ನಿಂತರೂ ಅದು ಬದಲಾಗೋದಿಲ್ಲ.

ಸ್ಟಾರ್‌ಬೋರ್ಡಿನಲ್ಲಿ ನಕ್ಷತ್ರ ಹುಡುಕಬೇಡಿ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸ್ಟಿಯರ್ ಮಾಡುವ ಪಕ್ಕ’. ಆಗ ಚುಕ್ಕಾಣಿಯ ಹುಟ್ಟನ್ನು ದೋಣಿಯ ಬಲಕ್ಕೆ ಕಟ್ಟುತ್ತಿದ್ದರು. ಎಡಪಕ್ಕಕ್ಕೆ ಮೊದಲು ‘ಲಾರ್‌ಬೋರ್ಡ್’ ಅನ್ನುತ್ತಿದ್ದರು. ಗಾಳಿಯ ಸದ್ದಿನಲ್ಲಿ ಲಾರ್, ಸ್ಟಾರ್ ಎರಡೂ ಒಂದೇ ಥರ ಕೇಳಿದರೆ ಗತಿಯೇನು? 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಬೇಕೆಂದು ಆಜ್ಞೆ ಮಾಡಿತು.

ಹಳೆಯ ಕಥೆಗಳನ್ನು ಅನುವಾದಿಸುವವರಿಗೆ ಇಲ್ಲೊಂದು ದೊಡ್ಡ ಗುಂಡಿ ಇದೆ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ಕಿನ ಎದುರು ಮಂಜುಗಡ್ಡೆ ಕಂಡಾಗ ಕೊಟ್ಟ ಆಜ್ಞೆ ‘ಹಾರ್ಡ್ ಎ ಸ್ಟಾರ್‌ಬೋರ್ಡ್’. ಆದರೆ ಹಡಗು ತಿರುಗಿದ್ದು ಎಡಕ್ಕೆ. ಯಾರೂ ತಪ್ಪು ಕೇಳಿಸಿಕೊಂಡಿರಲಿಲ್ಲ. ಆಗಿನ ಪದ್ಧತಿಯಲ್ಲಿ ಆಜ್ಞೆ ಇರುತ್ತಿದ್ದದ್ದು ಟಿಲ್ಲರಿಗೆ. ಟಿಲ್ಲರನ್ನು ಬಲಕ್ಕೆ ತಳ್ಳಿದರೆ ಹಡಗಿನ ಮೂತಿ ಎಡಕ್ಕೆ ಹೋಗುತ್ತದೆ. ನಾನು ಅಳಿವೆಯಲ್ಲಿ ಮೊದಲ ಸಲ ಟಿಲ್ಲರ್ ಹಿಡಿದಾಗ ಅಜ್ಜ ಹೇಳಿದ್ದೂ ಅದನ್ನೇ: ‘ಹೋಗಬೇಕಾದ ಕಡೆಗೆ ತಳ್ಳಬೇಡ, ಆಚೆ ಕಡೆ ತಳ್ಳು.’ ಈ ಪದ್ಧತಿ ಬ್ರಿಟನ್ನಿನಲ್ಲಿ 1933ರಲ್ಲಿ ಬದಲಾಯಿತು. ಈಗ ಸ್ಟಾರ್‌ಬೋರ್ಡ್ ಅಂದರೆ ಹಡಗು ಬಲಕ್ಕೇ ತಿರುಗುತ್ತದೆ. ನಿಮ್ಮ ಕಥೆ ಯಾವ ಕಾಲದ್ದು ಅಂತ ನೋಡಿಕೊಂಡೇ ಆಜ್ಞೆ ಬರೆಯಿರಿ.

ಹಡಗಿನಲ್ಲಿ ಆಜ್ಞೆ ನಿಜವಾಗಿ ಹೇಗಿರುತ್ತದೆ? ಸಿನಿಮಾದ ಥರ ಕೂಗಾಡುತ್ತಾರಾ?

ಇಲ್ಲ. ಚಿಕ್ಕದು, ಸ್ಪಷ್ಟ, ಪ್ರತಿ ಸಲ ಒಂದೇ ರೀತಿ. ಬೇರೆಬೇರೆ ದೇಶದವರು ಒಂದೇ ಹಡಗಿನಲ್ಲಿ ದುಡಿಯುತ್ತಾರಲ್ಲ, ಅದಕ್ಕಾಗಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, 2001ರಲ್ಲಿ ಗೊತ್ತುಪಡಿಸಿದ ವಾಕ್ಯಗಳ ಒಂದು ಸಂಗ್ರಹ ಒಪ್ಪಿಕೊಂಡಿತು. ನಾವಿಕರು ಅದನ್ನು ಎಸ್ಎಂಸಿಪಿ ಅನ್ನುತ್ತಾರೆ. ಮರ್ಚೆಂಟ್ ನೇವಿಗೆ ಹೋಗುವವರು ಇದನ್ನು ಕಲಿಯಲೇಬೇಕು.

ಬ್ರಿಜ್ಜಿನಲ್ಲಿ ಹೀಗೆ ನಡೆಯುತ್ತದೆ. ಅಧಿಕಾರಿ: ‘ಪೋರ್ಟ್ ಟೆನ್.’ ಚಕ್ರ ಹಿಡಿದವನು: ‘ಪೋರ್ಟ್ ಟೆನ್.’ ರಡರ್ ಎಡಕ್ಕೆ ಹತ್ತು ಡಿಗ್ರಿ ತಿರುಗಿದ್ದು ಸೂಚಕದಲ್ಲಿ ಕಂಡ ಮೇಲೆ ಅವನು ಅದನ್ನೂ ಹೇಳುತ್ತಾನೆ. ಆಮೇಲೆ ‘ಮಿಡ್‌ಶಿಪ್ಸ್’, ಅಂದರೆ ರಡರ್ ನಡುವಿಗೆ ತಾ. ಆಮೇಲೆ ‘ಸ್ಟೆಡಿ’, ಹಡಗು ತಿರುಗುತ್ತಿರುವುದನ್ನು ಬೇಗ ನಿಲ್ಲಿಸು. ‘ಸ್ಟೆಡಿ ಆಸ್ ಶಿ ಗೋಸ್’ ಅಂದರೆ ಈ ಗಳಿಗೆಯಲ್ಲಿ ದಿಕ್ಸೂಚಿ ಏನು ತೋರಿಸುತ್ತಿದೆಯೋ ಅದನ್ನೇ ಹಿಡಿ. ಆಗ ಅವನು ಆ ಅಂಕಿಯನ್ನೂ ಸೇರಿಸಿ ತಿರುಗಿ ಹೇಳಬೇಕು. ಆಜ್ಞೆ ಮರುನುಡಿಯದೆ ಚಕ್ರ ತಿರುಗಿಸುವಂತಿಲ್ಲ.

ದಿಕ್ಕಿನ ಅಂಕಿಯನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. 182 ಅಂದರೆ ‘ಒನ್ ಏಟ್ ಟೂ’. ಆದರೆ ರಡರಿನ ಡಿಗ್ರಿಗೆ ‘ಫಿಫ್ಟೀನ್’, ‘ಟ್ವೆಂಟಿ’ ಅಂತ ಇಡಿಯಾಗಿ. ಈ ಸಣ್ಣ ವ್ಯತ್ಯಾಸ ಕಥೆಯಲ್ಲಿ ಸರಿಯಾಗಿ ಬಂದರೆ, ಬರೆದವರಿಗೆ ಹಡಗು ಗೊತ್ತಿದೆ ಅಂತ ಓದುಗರಿಗೆ ತಿಳಿಯುತ್ತದೆ.

ನಮ್ಮವರಿಗೆ ಕಷ್ಟವಾಗುವುದು ಇನ್ನೊಂದು ವಿಷಯ. ನಮಗೆ ಶಾಲೆಯಲ್ಲಿ ವಿನಯ ಕಲಿಸಿದ್ದಾರೆ, ‘ಮೇ ಐ ಕಮ್ ಇನ್’ ಬಾಯಿಗೆ ಬಂದುಬಿಡುತ್ತದೆ. ಎಸ್ಎಂಸಿಪಿಯಲ್ಲಿ ಮೇ, ಮೈಟ್, ಶುಡ್, ಕುಡ್, ಕ್ಯಾನ್ ಇವುಗಳನ್ನು ಆದಷ್ಟು ದೂರ ಇಡುತ್ತಾರೆ. ‘ಯು ಮೇ ಎಂಟರ್’ ಅಂದರೆ ಅನುಮತಿಯೋ, ಊಹೆಯೋ? ವೈರ್‌ಲೆಸ್ಸಿನ ಗೊರಗೊರ ಸದ್ದಿನಲ್ಲಿ ಹೇಗೆ ಗೊತ್ತಾಗಬೇಕು? ಅದಕ್ಕೇ ವಾಕ್ಯದ ಮೊದಲು ಅದು ಎಂಥದ್ದು ಅಂತ ಹೇಳಿಬಿಡುತ್ತಾರೆ: ಇನ್‌ಸ್ಟ್ರಕ್ಷನ್, ಅಡ್ವೈಸ್, ವಾರ್ನಿಂಗ್, ಇನ್ಫರ್ಮೇಷನ್, ಕ್ವೆಶ್ಚನ್, ಆನ್ಸರ್, ರಿಕ್ವೆಸ್ಟ್, ಇಂಟೆನ್ಷನ್. ‘ಕ್ವೆಶ್ಚನ್. ಡು ಐ ಹ್ಯಾವ್ ಪರ್ಮಿಷನ್ ಟು ಎಂಟರ್?’ ತರಗತಿಯಲ್ಲಿ ಮೊದಮೊದಲು ಮಕ್ಕಳಿಗೆ ಇದು ಒರಟಾಗಿ ಕೇಳಿಸುತ್ತದೆ. ಇಲ್ಲಿ ಸ್ಪಷ್ಟವಾಗಿ ಹೇಳುವುದೇ ವಿನಯ ಅಂತ ಒಪ್ಪಿಸಲು ನನಗೆ ಒಂದು ವಾರವಾದರೂ ಬೇಕು.

ವೇಗಕ್ಕೆ ‘ನಾಟ್ಸ್ ಪರ್ ಅವರ್’ ಅನ್ನಬಹುದಾ?

ಬೇಡ. ನಾಟ್ ಅಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ‘ಟ್ವೆಲ್ವ್ ನಾಟ್ಸ್’ ಅಂದರೆ ಮುಗಿಯಿತು. ನಾಟ್ ಅಂದರೆ ಗಂಟು. ಹಗ್ಗಕ್ಕೆ ಸಮಸಮ ಅಂತರದಲ್ಲಿ ಗಂಟು ಹಾಕಿ ನೀರಿಗೆ ಬಿಟ್ಟು, ಇಷ್ಟು ಹೊತ್ತಿಗೆ ಎಷ್ಟು ಗಂಟು ಹೋಯಿತು ಅಂತ ಎಣಿಸುತ್ತಿದ್ದ ಕಾಲದ ಮಾತು ಅದು.

ಹೊರಡೋದು, ಸೇರೋದು, ನಿಲ್ಲೋದು: ಇವಕ್ಕೆ ಯಾವ ಪದಗಳು?

ಕಟ್ಟಿದ ಹಗ್ಗ ಬಿಚ್ಚಿ ಹೊರಟರೆ ‘ಕಾಸ್ಟ್ ಆಫ್’. ಲಂಗರು ಎತ್ತಿದರೆ ‘ವೇ ಆ್ಯಂಕರ್’. ತೂಕ ಮಾಡುವ ‘ವೇ’ ಪದವೇ ಅದು. ಲಂಗರು ಹಾಕಿದರೆ ‘ಡ್ರಾಪ್ ಆ್ಯಂಕರ್’. ಆದರೆ ಹಡಗಿನೊಳಗಿನ ಆಜ್ಞೆ ‘ಲೆಟ್ ಗೋ’. ಯಾವುದೋ ಊರಿನ ಕಡೆ ಹೊರಟಿದ್ದರೆ ‘ಬೌಂಡ್ ಫಾರ್ ಕೊಲಂಬೊ’. ದಾರಿ ಬದಲಿಸಿದರೆ ‘ಆಲ್ಟರ್ ಕೋರ್ಸ್’. ನಡುವೆ ಒಂದು ಬಂದರಿಗೆ ಹೋಗಿ ಬಂದರೆ ‘ಕಾಲ್ಡ್ ಆ್ಯಟ್ ಕೊಚ್ಚಿ’. ಕಟ್ಟೆಗೆ ತಾಗಿ ನಿಂತರೆ ‘ಅಲಾಂಗ್‌ಸೈಡ್’, ನಿಲ್ಲುವ ಜಾಗ ‘ಬರ್ತ್’.

‘ಅಂಡರ್‌ವೇ’ ಬಗ್ಗೆ ಜಾಸ್ತಿ ಜನ ಎಡವುತ್ತಾರೆ. ಅಂಡರ್‌ವೇ ಅಂದರೆ ಚಲಿಸುತ್ತಿದೆ ಅಂತಲ್ಲ. ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲಂಗರು ಹಾಕಿಲ್ಲ, ದಡಕ್ಕೆ ಕಟ್ಟಿಲ್ಲ, ನೆಲಕ್ಕೆ ಹತ್ತಿ ಕೂತಿಲ್ಲ ಅಂದರೆ ಅದು ಅಂಡರ್‌ವೇ. ಎಂಜಿನ್ ನಿಲ್ಲಿಸಿ ಸುಮ್ನೆ ತೇಲುತ್ತಿದ್ದರೂ ಅಂಡರ್‌ವೇ. ನೀರು ಸೀಳಿ ಮುಂದೆ ಹೋಗುತ್ತಿದ್ದರೆ ‘ಮೇಕಿಂಗ್ ವೇ’.

ಅವಘಡದ ಸುದ್ದಿ ಬರೆಯುವಾಗ?

2021ರ ಮಾರ್ಚ್ 23ರಂದು ಎವರ್ ಗಿವನ್ ಅನ್ನುವ ಸುಮಾರು 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿತಲ್ಲ, ಅದನ್ನೇ ನೋಡಿ. ಮೂತಿ ದಡದ ನೆಲಕ್ಕೆ ಹತ್ತಿದ್ದು ‘ರಾನ್ ಅಗ್ರೌಂಡ್’. ಎರಡು ದಡದ ನಡುವೆ ಸಿಕ್ಕಿಕೊಂಡದ್ದು ‘ವೆಜ್ಡ್’. ಮಾರ್ಚ್ 29ಕ್ಕೆ ಮತ್ತೆ ತೇಲಿಸಿದ್ದು ‘ರಿಫ್ಲೋಟೆಡ್’. ಹಡಗು ಮುಳುಗಿದರೆ ‘ಸ್ಯಾಂಕ್’, ದೋಣಿ ಮಗುಚಿದರೆ ‘ಕ್ಯಾಪ್ಸೈಜ್ಡ್’. ನಮ್ಮ ಸುದ್ದಿಗಳಲ್ಲಿ ದೋಣಿ ‘ಮುಳುಗಿತು’, ‘ಮಗುಚಿತು’ ಎರಡನ್ನೂ ಒಂದೇ ಅಂತ ಬಳಸುತ್ತಾರೆ. ಇಂಗ್ಲಿಷಿಗೆ ತರುವ ಮೊದಲು ನಿಜಕ್ಕೂ ಏನಾಯಿತು ಅಂತ ವಿಚಾರಿಸಿ.

ಹಲಸೂರು ಕೆರೆಯ ದೋಣಿಗೆ, ಹಂಪಿಯ ಹರಿಗೋಲಿಗೆ ಯಾವ ಕ್ರಿಯಾಪದ?

ಹುಟ್ಟುಗಳನ್ನು ದೋಣಿಯ ಎರಡೂ ಪಕ್ಕಕ್ಕೆ ಸಿಕ್ಕಿಸಿ, ಹೋಗುವ ದಿಕ್ಕಿಗೆ ಬೆನ್ನು ಹಾಕಿ ಎಳೆದರೆ ‘ರೋ’. ಹುಟ್ಟನ್ನು ಕೈಯಲ್ಲೇ ಹಿಡಿದು, ಮುಂದೆ ನೋಡುತ್ತ ನೀರು ಹಿಂದಕ್ಕೆ ತಳ್ಳಿದರೆ ‘ಪ್ಯಾಡಲ್’. ಹರಿಗೋಲಿಗೆ ಇಂಗ್ಲಿಷಿನಲ್ಲಿ ‘ಕೊರಕಲ್’ ಅನ್ನುತ್ತಾರೆ, ಅದನ್ನು ಪ್ಯಾಡಲ್ ಮಾಡುತ್ತಾರೆ. ನಮ್ಮೂರಿನ ಪಾತಿ ದೋಣಿಗೂ ಪ್ಯಾಡಲ್ಲೇ. ನದಿ ದಾಟಿಸುವ ತಾರಿಗೆ ‘ಫೆರಿ’. ದಿನಾ ಆಚೆ ಈಚೆ ಓಡಾಡುವುದಕ್ಕೆ ‘ಪ್ಲೈ’ ಅನ್ನಬಹುದು.

ಹಡಗಿಗೆ ‘ಶಿ’ ಅನ್ನಬೇಕಾ, ‘ಇಟ್’ ಅನ್ನಬೇಕಾ?

ಈಗ ‘ಇಟ್’ ಸಾಕು. ಲಾಯ್ಡ್ಸ್ ಲಿಸ್ಟ್ ಅನ್ನುವ ಹಳೆಯ ಹಡಗು ಪತ್ರಿಕೆಯೇ 2002ರಲ್ಲಿ ‘ಇಟ್’ಗೆ ಬದಲಾಯಿತು. ಹಳೆಯ ನಾವಿಕನ ಬಾಯಲ್ಲಿ ‘ಶಿ’ ಇರಲಿ, ಅದು ಪ್ರೀತಿಯ ಮಾತು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಸಾಫ್ಟ್‌ವೇರ್ ಕೆಲಸದಲ್ಲಿ ಹೆಲ್ಮ್, ಪೈಲಟ್ ಅಂತೆಲ್ಲ ಬರುತ್ತದಲ್ಲ, ಅವು ಇವೇನಾ?

ಇವೇ. ಬೆಳ್ಳಂದೂರಿನಲ್ಲಿ ಕೆಲಸ ಮಾಡುವ ಒಬ್ಬರು ದಿನವಿಡೀ ಕುಬರ್ನೆಟಿಸ್ ಅನ್ನುತ್ತಿದ್ದರು, ಅರ್ಥ ಕೇಳಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ಅದು ‘ಚುಕ್ಕಾಣಿ ಹಿಡಿದವನು’. 2014ರಲ್ಲಿ ಬಂದ ಆ ಸಾಫ್ಟ್‌ವೇರಿನ ಗುರುತಿನಲ್ಲಿ ಏಳು ಕಡ್ಡಿಗಳ ಹಡಗಿನ ಚಕ್ರ ಇದೆ. ಅದರ ಜೊತೆಗಾರ ಹೆಲ್ಮ್, ಅದರಲ್ಲಿ ಬಳಸುವುದು ಚಾರ್ಟ್, ಅಂದರೆ ಸಮುದ್ರದ ನಕಾಶೆ. ಅದೇ ಗ್ರೀಕ್ ಪದ ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿನ ‘ಗವರ್ನ್’ ಆಯಿತು. ಸರ್ಕಾರಕ್ಕೂ ಚುಕ್ಕಾಣಿಗೂ ಇರುವ ನಂಟು ಬರೀ ಕನ್ನಡ ಪತ್ರಿಕೆಗಳದ್ದಲ್ಲ ಅಂತ ಹೇಳಿದಾಗ ಅವರು ಆ ಚಿತ್ರವನ್ನು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ನೋಡಿದರು.

ಸಮುದ್ರವೇ ಇಲ್ಲದ ಊರಿನಲ್ಲಿ ಈ ಪದಗಳನ್ನು ಅಭ್ಯಾಸ ಮಾಡೋದು ಹೇಗೆ?

ನಾನು ಮಾಡಿಸುವುದು ಇಷ್ಟು. ಇಬ್ಬರು ಎದ್ದು ನಿಲ್ಲಬೇಕು. ಒಬ್ಬರ ಕೈಗೆ ಸ್ಟೀಲ್ ತಟ್ಟೆ, ಅದೇ ಚಕ್ರ. ಇನ್ನೊಬ್ಬರು ಆಜ್ಞೆ ಕೊಡಬೇಕು. ಮರುನುಡಿದ ಮೇಲಷ್ಟೇ ತಟ್ಟೆ ತಿರುಗಬೇಕು. ಹತ್ತು ನಿಮಿಷ ಆದಮೇಲೆ ಜಾಗ ಬದಲಿಸಿ, ನೋಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು: ಯಾರು ಸ್ಟಿಯರ್ ಮಾಡಿದರು, ಕಾನ್ ಯಾರ ಕೈಲಿತ್ತು, ಹಡಗು ಎತ್ತ ಹೋಯಿತು. ಶನಿವಾರ ಸಂಜೆ ಕಿಟಕಿ ತೆರೆದಿದ್ದರೆ ಬೀದಿಯವರಿಗೂ ‘ಸ್ಟಾರ್‌ಬೋರ್ಡ್ ಟ್ವೆಂಟಿ’ ಕೇಳಿಸುತ್ತದೆ. ಎದುರು ಮನೆಯ ಅಜ್ಜಿ ಈಗ ಅದನ್ನು ತಪ್ಪಿಲ್ಲದೆ ಮರುನುಡಿಯುತ್ತಾರೆ.